ಸೇತುವೆ ಹತ್ತಿರ ಸ್ವಲ್ಪ ನಿಧಾನ

ಗಾಡಿಗೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಹತ್ತಿಸಿ, ಸೀದಾ ನಮ್ಮ ಅಂಗಳಕ್ಕೆ ಬಂದು ಹಾರ್ನ್ ಹೊಡೆದೆಯಲ್ಲ, ಖುಷಿಯಾಯಿತು ಮಾರಾಯ. "ಮೈಸೂರಿನಲ್ಲಿ ಬೆಳಿಗ್ಗೆ ಗೆಸ್ಟ್ ಹತ್ತಿಸಿಕೊಂಡು, ಮಡಿಕೇರಿ ತೋರಿಸಿ, ರಾತ್ರಿ ವಾಪಸ್ ಬಿಡೋದು ಸಾರ್. ಡ್ರೈವರೂ ನಾನೇ, ಗೈಡೂ ನಾನೇ" ಅಂದಾಗ ನನಗೆ ನಗು ಬಂತು. ಹತ್ತನೇ ಕ್ಲಾಸಿನಲ್ಲಿ ನನ್ನ ಇತಿಹಾಸಕ್ಕೆ ಸರಿಯಾಗಿ ಮೂವತ್ತೈದೇ ತೆಗೆದು ದಡ ಸೇರಿದವನು ನೀನು. ಬೇಜಾರು ಮಾಡಿಕೊಳ್ಳಬೇಡ. ತೊಂಬತ್ತು ತೆಗೆದವರು ಗೈಡ್ ಆದರೆ ಬಾಯಿ ಮುಚ್ಚುವುದಿಲ್ಲ. ನನ್ನನ್ನೇ ನೋಡು.

ನೀನು ಮೊಬೈಲಿನಲ್ಲಿ ತೋರಿಸಿದ ಪಟ್ಟಿ ಅವತ್ತಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಮೈಸೂರು ಅರಮನೆ, ಚಾಮುಂಡಿ ಬೆಟ್ಟ, ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ, ಅಬ್ಬಿ, ಓಂಕಾರೇಶ್ವರ, ಕೋಟೆ, ರಾಜಾಸೀಟು, ಕೊನೆಗೆ 'ಸಮಯವಿದ್ದರೆ ತಲಕಾವೇರಿ'. ಲೆಕ್ಕ ಹಾಕು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ನಡುವೆ ಕಾಫಿ ತಿಂಡಿ ಹಿಡಿದರೆ ಮೂರು ಗಂಟೆ, ಬರುವಾಗ ಮತ್ತೆ ಮೂರು. ಉಳಿಯುವ ನಾಲ್ಕೈದು ಗಂಟೆಯಲ್ಲಿ ಹತ್ತು ಜಾಗ ಅಂದರೆ ಗೆಸ್ಟ್ ನೋಡುವುದು ಹತ್ತು ಪಾರ್ಕಿಂಗ್ ಜಾಗವನ್ನೇ. ಮೈಸೂರಿನದನ್ನು ಮೈಸೂರಿಗೇ ಬಿಡು. ಅವರು ಉಳಿದುಕೊಂಡಿರುವುದೇ ಅಲ್ಲಿ. ಇನ್ನೊಂದು ದಿನ ಅರಮನೆ ನೋಡಲಿ, ಭಾನುವಾರವಾದರೆ ಸಂಜೆ ದೀಪವನ್ನೂ ನೋಡಲಿ.

ಎಂಟು ವರ್ಷದ ಹಿಂದೆ ಮಗಳ ಮನೆಗೆಂದು ವಿಯೆನ್ನಾಕ್ಕೆ ಹೋಗಿದ್ದೆ, ನಿನಗೆ ನೆನಪಿರಬಹುದು, ಚಾಕೊಲೇಟ್ ತಂದುಕೊಟ್ಟಿದ್ದೆ. ಅಲ್ಲಿಂದ ಪ್ರಾಗ್‌ಗೆ ಒಂದು ದಿನದ ಮಟ್ಟಿಗೆ ಅಳಿಯ ಕಾರು ಗೊತ್ತು ಮಾಡಿದ್ದ. ನೀನು ಈಗ ಮಾಡಹೊರಟ ಕೆಲಸವೇ ಅದು: ಎರಡು ಹಳೇ ಊರು, ನಡುವೆ ದಾರಿ, ಡ್ರೈವರೇ ಗೈಡು. ವಯಸ್ಸಾದ ಮನುಷ್ಯ. ದಾರಿಯಲ್ಲಿ ಎಷ್ಟೋ ಕೋಟೆ, ಚರ್ಚು ಕಂಡವು, ಎಲ್ಲೂ ನಿಲ್ಲಿಸಲಿಲ್ಲ. ನನಗೆ ಸಿಟ್ಟೇ ಬಂದಿತ್ತು, ದುಡ್ಡು ದಂಡ ಅಂತ. ಚೆಸ್ಕಿ ಕ್ರುಮ್‌ಲೋವ್ ಎಂಬ ಒಂದೇ ಊರಿನಲ್ಲಿ ನಿಲ್ಲಿಸಿದ. ವ್ಲತಾವಾ ನದಿ ಆ ಊರಿಗೆ ಹಗ್ಗ ಸುತ್ತಿದ ಹಾಗೆ ಬಳಸಿಕೊಂಡು ಹರಿಯುತ್ತದೆ, ಮೇಲೆ ಕೋಟೆ. ಎರಡು ಗಂಟೆ ಬಿಟ್ಟುಬಿಟ್ಟ. ಅವನು ಇಡೀ ದಿನ ಹೇಳಿದ್ದೂ ಒಂದೇ ಕತೆ. ರುಡಾಲ್ಫ್ ಎಂಬ ಚಕ್ರವರ್ತಿ 1583ರಲ್ಲಿ ತನ್ನ ಆಸ್ಥಾನವನ್ನು ವಿಯೆನ್ನಾದಿಂದ ಕಿತ್ತು ಪ್ರಾಗ್‌ನಲ್ಲಿ ನೆಟ್ಟ. ವಿಯೆನ್ನಾದಲ್ಲಿ ಶುರು ಮಾಡಿದ ಕತೆಯಲ್ಲಿ ಕ್ರುಮ್‌ಲೋವ್ ಕೋಟೆಗೆ ಬಂದಾಗ ಆ ಚಕ್ರವರ್ತಿಯ ತಲೆಕೆಟ್ಟ ಮಗನನ್ನು ಅಲ್ಲಿ ಇರಿಸಿದ್ದು, ಅವನು ಅಲ್ಲೊಂದು ಹುಡುಗಿಯನ್ನು ಕೊಂದದ್ದು ಬಂತು. ಪ್ರಾಗ್ ತಲುಪುವ ಹೊತ್ತಿಗೆ ಕತೆಯೂ ಮುಗಿಯಿತು. ನಾನು ನೂರಾರು ಮಕ್ಕಳಿಗೆ ಯುರೋಪಿನ ಇತಿಹಾಸ ಪಾಠ ಮಾಡಿದವನು. ಅದರಲ್ಲಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುವುದು ಆ ಡ್ರೈವರ್ ಹೇಳಿದ್ದು ಮಾತ್ರ.

ನಿನ್ನ ದಾರಿಯಲ್ಲೂ ಅಂಥ ಒಂದು ಕತೆ ಇದೆ. ಅದನ್ನು ಹಿಡಿ.

ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಸಿಗುತ್ತದಲ್ಲ, ಅಲ್ಲೇ ಶುರು ಮಾಡು. ಬೇಸಿಗೆಯಲ್ಲಿ ನೋಡಿದರೆ ನದಿ ಅನ್ನಲು ಮನಸ್ಸು ಬರುವುದಿಲ್ಲ, ಆದರೂ ಅದು ನಮ್ಮ ಬ್ರಹ್ಮಗಿರಿಯಿಂದ, ಇರ್ಪು ಜಲಪಾತವಾಗಿ ಧುಮುಕಿ ಇಳಿದು ಬಂದ ನೀರು. "ನೀವು ಕೊಡಗಿಗೆ ಹೋಗುವ ಮೊದಲೇ ಕೊಡಗು ನಿಮ್ಮನ್ನು ನೋಡಲು ಬಂದಿದೆ" ಅಂತ ಒಂದು ಮಾತು ಹೇಳು, ಸಾಕು. ಅದಕ್ಕೂ ಮೊದಲು ಇಲವಾಲ ದಾಟುವಾಗ ಅಲ್ಲಿ 1957ರಲ್ಲಿ ವಿನೋಬಾ, ನೆಹರೂ ಇಬ್ಬರೂ ಕೂತಿದ್ದ ಗ್ರಾಮದಾನದ ಸಭೆಯ ಬಗ್ಗೆ ಹೇಳಲು ನನಗೇ ಬಾಯಿ ತುರಿಸುತ್ತದೆ. ನೀನು ಹೇಳಬೇಡ. ಕೇಳಿದರೆ ಮಾತ್ರ. ಈ ಕಸುಬಿನಲ್ಲಿ ಬಿಡುವುದನ್ನು ಕಲಿಯಲು ವರ್ಷಗಳು ಬೇಕಾಗುತ್ತವೆ, ಈಗಿನಿಂದಲೇ ಶುರು ಮಾಡು.

ಪಿರಿಯಾಪಟ್ಟಣದಲ್ಲಿ ಎಲ್ಲ ಗಾಡಿಗಳೂ ನಿಲ್ಲದೆ ಹೋಗುತ್ತವೆ. ಹೊಗೆಸೊಪ್ಪಿನ ಊರು, ಅಲ್ಲೇನಿದೆ ಅಂತ. ನೀನು ಅಲ್ಲೊಂದು ಟೀಗೆ ನಿಲ್ಲಿಸು. ಹೈದರನ ಕಾಲದಲ್ಲಿ ಕೊಡಗು ಮೈಸೂರಿನ ಕೈಗೆ ಹೋಗಿತ್ತು, ಹಾಲೇರಿ ಮನೆತನದ ಎಳೆಯ ರಾಜಕುಮಾರರನ್ನು ಹಿಡಿದು ಮೊದಲು ಗೊರೂರಿನಲ್ಲಿ, ಆಮೇಲೆ ಟಿಪ್ಪು ಕಾಲದಲ್ಲಿ ಈ ಪಿರಿಯಾಪಟ್ಟಣದ ಕೋಟೆಯಲ್ಲಿ ಇಟ್ಟಿದ್ದರು. ಅವರಲ್ಲಿ ಹಿರಿಯವನು ದೊಡ್ಡ ವೀರರಾಜೇಂದ್ರ. 1788ರಲ್ಲಿ ಅವನು ಇಲ್ಲಿಂದ ತಪ್ಪಿಸಿಕೊಂಡು ಕೊಡಗಿನ ಕಾಡು ಸೇರಿದ. ನೀನು ಗೆಸ್ಟನ್ನು ಕರೆದುಕೊಂಡು ಹೋಗುವ ದಿಕ್ಕೂ ಅದೇ. ಅವನು ಓಡಿದ ಕಡೆಗೇ ನಾವೂ ಹೋಗುತ್ತಿದ್ದೇವೆ ಅಂತ ಹೇಳಿ ಗಾಡಿ ಸ್ಟಾರ್ಟ್ ಮಾಡು. ಬೈಲಕುಪ್ಪೆವರೆಗೆ ಅವರೇ ಕೇಳುತ್ತಾರೆ, ಆಮೇಲೇನಾಯಿತು ಅಂತ. ಹೇಳಬೇಡ.

ಬೈಲಕುಪ್ಪೆಗೆ ಹೋಗುವುದಾದರೆ ಹೋಗು, ಆದರೆ ಒಂದು ತಪ್ಪು ಮಾಡಬೇಡ. ಅದನ್ನು ಎಲ್ಲರೂ 'ಕೂರ್ಗ್ ಗೋಲ್ಡನ್ ಟೆಂಪಲ್' ಅಂತ ಮಾರುತ್ತಾರೆ. ಅದು ಇರುವುದು ಮೈಸೂರು ಜಿಲ್ಲೆಯಲ್ಲಿ. ಟಿಬೆಟಿನಿಂದ ಬಂದವರಿಗೆ 1961ರಲ್ಲಿ ಇಲ್ಲಿ ಜಮೀನು ಕೊಟ್ಟದ್ದು ಆಗಿನ ಮೈಸೂರು ರಾಜ್ಯ, ನಾಮ್‌ಡ್ರೋಲಿಂಗ್ ಮಠ ಶುರುವಾದದ್ದು 1963ರಲ್ಲಿ. ಒಳಗೆ ಎಳೆಯ ಸನ್ಯಾಸಿಗಳು ಪಠಣಕ್ಕೆ ಕೂತಿದ್ದರೆ ಅವರ ಮುಖದೆದುರು ಮೊಬೈಲ್ ಹಿಡಿಯದಂತೆ ಗೆಸ್ಟಿಗೆ ಮೊದಲೇ ಹೇಳು. ನಮ್ಮ ದೇವಸ್ಥಾನದಲ್ಲಿ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ?

ಇನ್ನು ಕೊಪ್ಪ ದಾಟಿದ ಮೇಲೆ ಬರುವ ಕಾವೇರಿ ಸೇತುವೆ. ನಿಲ್ಲಿಸಬೇಡ, ಹಿಂದಿನ ಲಾರಿಯವನು ಬೈಯುತ್ತಾನೆ. ಸ್ವಲ್ಪ ನಿಧಾನ ಮಾಡು. ಆ ವಿಯೆನ್ನಾ ಡ್ರೈವರ್ ಗಡಿ ದಾಟುವಾಗ ಗೇರು ಇಳಿಸಿ, ಖಾಲಿ ಬಿದ್ದಿದ್ದ ಹಳೇ ಚೌಕಿಯ ಕಡೆ ಗಲ್ಲ ಎತ್ತಿ, "ಇಲ್ಲಿಂದ ಜೆಕ್" ಅಂದಿದ್ದ. ಅಷ್ಟೇ. ನಮ್ಮದೂ ಗಡಿಯೇ. 1956ರ ನವೆಂಬರ್ 1ರವರೆಗೆ ಆಚೆ ದಡ ಮೈಸೂರು ರಾಜ್ಯ, ಈಚೆ ದಡ ಕೊಡಗು ರಾಜ್ಯ, ನಮಗೇ ಬೇರೆ ಮುಖ್ಯಮಂತ್ರಿ. ನಮ್ಮಪ್ಪ ಸಾಯುವವರೆಗೂ ಹುಣಸೂರಿಗೆ ಹೊರಟರೆ "ಮೈಸೂರು ಸೀಮೆಗೆ ಹೋಗಿ ಬರ್ತೇನೆ" ಅನ್ನುತ್ತಿದ್ದರು, ಪಾಸ್‌ಪೋರ್ಟ್ ಒಂದು ಹಿಡಿದುಕೊಳ್ಳಲಿಲ್ಲ.

ಸೇತುವೆ ದಾಟಿದರೆ ಕುಶಾಲನಗರ. ಇಲ್ಲೇ ನಿನ್ನ ಬಗ್ಗೆ ನನಗೆ ಭಯ. ಹೈದರ್ ಇಲ್ಲಿ ಬೀಡು ಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತು, ಖುಷಿಯಿಂದ ಊರಿಗೆ ಖುಷಿಯಾಲ್‌ನಗರ ಅಂತ ಹೆಸರಿಟ್ಟ ಅನ್ನುವ ಕತೆ ಎಲ್ಲ ಡ್ರೈವರ್‌ಗಳ ಬಾಯಲ್ಲೂ ಇದೆ. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಹೊತ್ತಿಗೆ. ಹೈದರ್ ಕೊಡಗಿನ ಕಡೆ ಮುಖ ಹಾಕಿದ್ದೇ 1760ರ ನಂತರ. ಮಗ ಹುಟ್ಟಿ ಹತ್ತು ವರ್ಷಕ್ಕೆ ಸುದ್ದಿ ಬಂದರೆ ಅದೆಂಥಾ ಟಪಾಲು? ಬ್ರಿಟಿಷರು 1834ರಲ್ಲಿ ಕೊಡಗನ್ನು ನುಂಗಿದ ಮೇಲೆ ತಮ್ಮ ಅಧಿಕಾರಿ ಕರ್ನಲ್ ಫ್ರೇಸರನ ಹೆಸರಿನಲ್ಲಿ ಇದನ್ನು ಫ್ರೇಸರ್‌ಪೇಟೆ ಮಾಡಿದರು, ಅದು ನಿಜ. ಸುಳ್ಳು ಕತೆಯನ್ನು ಹೇಳಲೇಬೇಡ ಅಂತಲ್ಲ. "ಜನ ಹೀಗೆ ಹೇಳ್ತಾರೆ, ಲೆಕ್ಕ ಮಾತ್ರ ಕೂಡುವುದಿಲ್ಲ" ಅಂತ ಹೇಳು. ಗೆಸ್ಟ್ ನಗುತ್ತಾರೆ, ಆಮೇಲೆ ನೀನು ಹೇಳುವ ಉಳಿದದ್ದನ್ನೆಲ್ಲ ನಂಬುತ್ತಾರೆ. ಕೊಡವರು ಅಲೆಕ್ಸಾಂಡರನ ಸೈನಿಕರ ಸಂತತಿ ಅನ್ನುವ ಕತೆ ಇದೆಯಲ್ಲ, ಪರದೇಶದವರ ಎದುರು ಅದನ್ನು ಹೇಳಿದರೆ ಟಿಪ್ಸ್ ಜಾಸ್ತಿ ಬರುತ್ತದಂತೆ. ಪುರಾವೆ ಇಲ್ಲದ ಮಾತು ಅದು. ನಮ್ಮ ನೆರೆಮನೆಯವರು ಯಾರ ಮೊಮ್ಮಕ್ಕಳು ಅಂತ ನಾವೇ ಬಾಡಿಗೆಗೆ ಕತೆ ಕಟ್ಟುವುದು ಬೇಡ.

ಆನೆಕಾಡಿನಲ್ಲಿ ಆನೆ ಕಂಡರೆ ಕಿಟಕಿ ಇಳಿಸಿ ಫೋಟೋ ತೆಗೆಯಲು ನಿಲ್ಲಿಸಬೇಡ, ಇದಕ್ಕೆ ವಿವರಣೆ ಬೇಕಿಲ್ಲ. ಸುಂಟಿಕೊಪ್ಪ ಕಳೆದ ಮೇಲೆ ಮಾತೇ ಬೇಡ. ಹೂಮಳೆ ಬಿದ್ದು ವಾರವಾಗಿದ್ದರೆ ಎಸಿ ಆರಿಸಿ ಗಾಜು ಇಳಿಸು. ಕಾಫಿ ಹೂವಿನ ವಾಸನೆಗಿಂತ ದೊಡ್ಡ ಗೈಡು ನೀನೂ ಅಲ್ಲ, ನಾನೂ ಅಲ್ಲ. ಮಳೆಗಾಲದಲ್ಲಿ ಗಾಜು ಇಳಿಸುವ ಪ್ರಶ್ನೆಯೇ ಇಲ್ಲ, ವೈಪರ್ ಸರಿ ಇದೆಯಾ ನೋಡಿಕೋ. 2018ರ ಆಗಸ್ಟಿನಲ್ಲಿ ಈ ಗುಡ್ಡಗಳು ಹೇಗೆ ಜಾರಿದವು ಅಂತ ನೀನೇ ಕಂಡವನು. ಗೆಸ್ಟ್ ಎಷ್ಟೇ ಹಟ ಮಾಡಲಿ, ಜಡಿಮಳೆಯ ದಿನ "ಇವತ್ತು ಬೇಡ ಸಾರ್" ಅನ್ನು. ಒಂದು ಬಾಡಿಗೆ ಹೋಗುತ್ತದೆ, ಹೋಗಲಿ.

ಅಂಗಡಿಯವರ ಕಮಿಷನ್ ವಿಷಯ ನೀನು ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಗೆಸ್ಟ್ ಇಳಿಸಿದರೆ ಇಷ್ಟು ಅಂತ ಕೊಡುವವರು ದಾರಿಯುದ್ದಕ್ಕೂ ಇದ್ದಾರೆ. ನನ್ನ ತಂಗಿಯೇ ಒಮ್ಮೆ ಡ್ರೈವರ್ ನಿಲ್ಲಿಸಿದ ಅಂಗಡಿಯಲ್ಲಿ ಎರಡು ಬಾಟಲಿ ಕೊಡಗಿನ ಜೇನು ಕೊಂಡು ತಂದಳು. ಮನೆಯಲ್ಲಿ ನೋಡಿದರೆ ಬೆಲ್ಲದ ಪಾಕ. ಅವಳು ಇವತ್ತಿಗೂ ಬೈಯುವುದು ಅಂಗಡಿಯವನನ್ನಲ್ಲ, ಆ ಡ್ರೈವರನ್ನು. ಕಚ್ಚಂಪುಳಿಯೋ ಕಾಳುಮೆಣಸೋ ಬೇಕೆಂದರೆ ನಿನ್ನ ಅಮ್ಮ ಎಲ್ಲಿ ಕೊಳ್ಳುತ್ತಾಳೋ ಅಲ್ಲಿಗೆ ಕರೆದುಕೊಂಡು ಹೋಗು. ಊಟಕ್ಕೂ ಹಾಗೆಯೇ. ಪಂದಿಕರಿ ತಿನ್ನುತ್ತಾರೋ ಇಲ್ಲವೋ ಅಂತ ಹಿಂದಿನ ದಿನವೇ ಫೋನಿನಲ್ಲಿ ಕೇಳು. ತಿನ್ನದವರಿಗೆ ಕಡಂಬುಟ್ಟಿನ ಜೊತೆ ಕುಂಬಳಕಾಯಿ ಕರಿ, ಮಳೆಗಾಲವಾದರೆ ಬೈಂಬಳೆ. ಎಳೆಬಿದಿರು ಅಂತ ಮೊದಲು ಹೇಳಿಬಿಡು, ಕೆಲವರಿಗೆ ಆ ವಾಸನೆ ಆಗುವುದಿಲ್ಲ.

ಮಡಿಕೇರಿಯಲ್ಲಿ ನನ್ನ ಪ್ರಕಾರ ಎರಡೇ ಜಾಗ, ಕೋಟೆ ಮತ್ತು ರಾಜರ ಸಮಾಧಿಗಳಿರುವ ಗದ್ದುಗೆ. ರಾಜಾಸೀಟು ಸಂಜೆ ಹತ್ತು ನಿಮಿಷಕ್ಕೆ. ಉಳಿದದ್ದು ಅವರು ಕೇಳಿದರೆ.

ಕೋಟೆಯೊಳಗೆ ಹೋದಾಗ ಕತೆಯ ಎರಡನೇ ಭಾಗ ತೆಗೆ. ಹಾಲೇರಿ ಮನೆತನದ ಮುದ್ದುರಾಜ 1681ರಲ್ಲಿ ಮಣ್ಣಿನ ಕೋಟೆ ಕಟ್ಟಿ ಊರು ಮಾಡಿದ. ಟಿಪ್ಪು ಅದನ್ನು ಕಲ್ಲಿನದಾಗಿ ಮಾಡಿಸಿ ಜಾಫರಾಬಾದ್ ಅಂತ ಕರೆದ. ಪಿರಿಯಾಪಟ್ಟಣದಿಂದ ಓಡಿಬಂದವನು 1790ರಲ್ಲಿ ಕೋಟೆ ವಾಪಸ್ ಹಿಡಿದ. ಅಂಗಳದ ಗಾರೆಯ ಆನೆಗಳ ಬೆನ್ನು ಸವರಲು ಮಕ್ಕಳನ್ನು ಬಿಡು. ಅವುಗಳ ಬಗ್ಗೆಯೂ ಕತೆ ಇದೆ, ಕತೆ ಅಂತಲೇ ಹೇಳು. 1855ರಲ್ಲಿ ಕಟ್ಟಿದ ಚರ್ಚು ಈಗ ಮ್ಯೂಸಿಯಂ, ವೀರಭದ್ರನ ಗುಡಿ ತೆಗೆದ ಜಾಗದಲ್ಲಿ ಅದು ಎದ್ದದ್ದು. ಒಂದೇ ಅಂಗಳದಲ್ಲಿ ಎಷ್ಟು ಜನ ಬಂದು ಹೋದರು ಅಂತ ಅವರಿಗೇ ತಿಳಿಯುತ್ತದೆ.

ಗದ್ದುಗೆಗೆ ಬಿಸಿಲು ಇಳಿದ ಮೇಲೆ ಹೋಗು. ಟೂರಿಸ್ಟ್ ಬಸ್ಸುಗಳು ಅಲ್ಲಿಗೆ ಬರುವುದು ಕಮ್ಮಿ. ದೊಡ್ಡ ಗುಮ್ಮಟ, ಮೂಲೆಗಳಲ್ಲಿ ನಂದಿ. ಮಸೀದಿಯಾ ಅಂತ ಕೇಳುತ್ತಾರೆ. ಅಲ್ಲ, ಲಿಂಗಾಯತ ರಾಜರು, ಹೂಳುವ ಪದ್ಧತಿ, ಕಟ್ಟಿದ ಶೈಲಿ ಮಾತ್ರ ಹಾಗೆ ಅನ್ನು. ಅಲ್ಲಿ ದೊಡ್ಡ ವೀರರಾಜೇಂದ್ರ ರಾಣಿ ಮಹಾದೇವಮ್ಮಾಜಿಯ ಜೊತೆ ಮಲಗಿದ್ದಾನೆ. ಬೆಳಿಗ್ಗೆ ಪಿರಿಯಾಪಟ್ಟಣದ ಟೀ ಅಂಗಡಿಯ ಹತ್ತಿರ ತಪ್ಪಿಸಿಕೊಂಡವನು ಇಲ್ಲಿಗೆ ಬಂದು ತಲುಪಿದ ಅಂತ ಹೇಳಿ ಸುಮ್ಮನೆ ನಿಲ್ಲು. ಹತ್ತಿರದಲ್ಲೇ ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ಸತ್ತ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ, ಅದನ್ನು ತೋರಿಸದೆ ಬರಬೇಡ.

ಗೆಸ್ಟ್ ಇಂಗ್ಲೆಂಡಿನವರಾದರೆ, ಅಲ್ಲಿ ಕೆಲಸದಲ್ಲಿರುವ ನಮ್ಮವರಾದರೂ ಸರಿ, ಅವರಿಗೆ ಇನ್ನೊಂದು ಹೆಜ್ಜೆ ಇದೆ. ಇಲ್ಲಿ ಒಬ್ಬ ರಾಜ ಇಲ್ಲ, ಎಲ್ಲಿ ಅಂತ ಕೇಳು. ಕೊನೆಯವನು, ಚಿಕವೀರರಾಜೇಂದ್ರ. 1834ರಲ್ಲಿ ಪಟ್ಟ ಕಳೆದುಕೊಂಡು ವೆಲ್ಲೂರು, ಕಾಶಿ ಅಂತ ಅಲೆದು, ಕಂಪನಿಯವರು ಹಿಡಿದಿಟ್ಟ ತನ್ನ ದುಡ್ಡು ಕೇಳಲು 1852ರಲ್ಲಿ ಲಂಡನ್ನಿಗೆ ಹೋದ. 1859ರಲ್ಲಿ ಅಲ್ಲೇ ಸತ್ತ, ಕೆನ್ಸಲ್ ಗ್ರೀನಿನಲ್ಲಿ ಹೂತರು. ಜೊತೆಗೆ ಹೋದ ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದಳು. 1864ರಲ್ಲಿ ಆ ಹುಡುಗಿ ಸತ್ತಾಗ ಇಪ್ಪತ್ತೆರಡು ವರ್ಷ, ಸಮಾಧಿ ಬ್ರಾಂಪ್ಟನ್ನಿನಲ್ಲಿ. ಅವಳು ಮಡಿಕೇರಿಯ ಅರಮನೆಯಲ್ಲಿ ಆಡಿ ಬೆಳೆದಳು ಅಂತ ಮಾತ್ರ ಬಣ್ಣ ಹಚ್ಚಬೇಡ. ಅವಳು ಹುಟ್ಟಿದ್ದೇ ಕಾಶಿಯಲ್ಲಿ, 1841ರಲ್ಲಿ. ಮಾಸ್ತಿಯವರು 'ಚಿಕವೀರ ರಾಜೇಂದ್ರ' ಕಾದಂಬರಿ ಬರೆದದ್ದು ಈ ಹುಡುಗಿಯ ಅಪ್ಪನ ಬಗ್ಗೆಯೇ. ನೀನು ಅದನ್ನು ಓದಿಲ್ಲ ಅಂತ ನನಗೆ ಗೊತ್ತು, ನನ್ನ ಕಪಾಟಿನಲ್ಲಿದೆ, ಬಂದಾಗ ಒಯ್ಯಿ.

ದಸರಾ ಸಮಯದಲ್ಲಿ ಹಗಲು ಮೈಸೂರಿನ ಜಂಬೂಸವಾರಿ, ರಾತ್ರಿ ಮಡಿಕೇರಿಯ ದಶಮಂಟಪ, ಎರಡನ್ನೂ ಒಂದೇ ದಿನ ತೋರಿಸಿ ಅಂತ ಖಂಡಿತ ಯಾರಾದರೂ ಕೇಳುತ್ತಾರೆ. ಆಗುತ್ತದೆ, ನಾವೂ ಹುಡುಗರಿದ್ದಾಗ ಲಾರಿ ಹತ್ತಿ ಮಾಡಿದ್ದೆವು. ಒಪ್ಪಿಕೊಂಡರೆ ಮಧ್ಯಾಹ್ನ ನೀನು ಗಾಡಿಯಲ್ಲೇ ಮಲಗಿರಬೇಕು. ನಿದ್ದೆಗೆಟ್ಟು ರಾತ್ರಿ ಘಾಟಿ ಹತ್ತಿದವರ ಮನೆಗೆ ನಾನು ಎಷ್ಟು ಸಲ ಸಾವಿಗೆ ಹೋಗಿ ಬಂದಿದ್ದೇನೆ.

ವಾಪಸ್ ಬರುವಾಗ ಕತ್ತಲಾಗಿರುತ್ತದೆ, ಬೋಯಿಕೇರಿಯ ಹತ್ತಿರ ಮಂಜು ಇಳಿದಿರುತ್ತದೆ. ಹಿಂದಿನ ಸೀಟಿನವರು ಮಲಗಿರುತ್ತಾರೆ. ಆಗ ಹಾಡೂ ಬೇಡ, ಮಾತೂ ಬೇಡ. ಸೇತುವೆ ಬಂದಾಗ ಎಬ್ಬಿಸಬೇಡ.

ಶನಿವಾರ ಗಾಡಿ ಖಾಲಿ ಇದ್ದರೆ ಹೇಳು. ನನ್ನ ಮೊಣಕಾಲು ಈಗ ಗದ್ದುಗೆಯ ಮೆಟ್ಟಿಲಿಗೆ ಆಗುತ್ತದೋ ಇಲ್ಲವೋ, ನೋಡೋಣ. ನಾನು ಮುಂದಿನ ಸೀಟಿನಲ್ಲಿ ಕೂತು ಗೆಸ್ಟ್ ಆಗುತ್ತೇನೆ, ನೀನು ಮೊದಲಿನಿಂದ ಹೇಳುತ್ತಾ ಬಾ. ಡೀಸೆಲ್ ನನ್ನದು.