ಗರಡಿಗೆ ಹೊಸಬರು ಸಾಮು ಸುರುಮಾಡುವ ಬಗೆ



"ಮುಂಜಾನಿಂದ ಸಂಜೀತನಕ ಹೊಲದಾಗ ದುಡೀತೀವ್ರಿ. ನಮಗ ಬ್ಯಾರೆ ಸಾಮು ಯಾಕ್ರಿ?" ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಯ ಯಾವ ಊರಿನ ಕಟ್ಟೆಯ ಮೇಲೆ ಕುಳಿತು ಗರಡಿಯ ಮಾತು ತೆಗೆದರೂ ಹಿರಿಯರೊಬ್ಬರು ಹೀಗೆ ಕೇಳದೆ ಬಿಡುವುದಿಲ್ಲ. ಕೇಳತಕ್ಕ ಪ್ರಶ್ನೆಯೇ ಅದು. ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗೋಣ.

ಹೊಲದ ದುಡಿಮೆ ಒಂದೇ ಮಗ್ಗುಲಿನ ದುಡಿಮೆ. ಭತ್ತದ ಸಸಿ ಹಚ್ಚುವವರ, ಕಳೆ ತೆಗೆಯುವವರ ನಡು ದಿನವೆಲ್ಲ ಬಗ್ಗಿಯೇ ಇರುತ್ತದೆ. ಔಷಧದ ಪಂಪು ಹೊತ್ತವನಿಗೆ ಒಂದು ಕೈ ಒತ್ತುವುದು, ಇನ್ನೊಂದು ಕೈ ಹಿಡಿಯುವುದು. ಬೇರೆ ಅವಯವಗಳಿಗೆ ಕೆಲಸವಿಲ್ಲ. ಭಾರ ಎತ್ತುವ ಕೆಲಸವಂತೂ ಸುಗ್ಗಿಯ ಎಂಟು ದಿನಗಳಲ್ಲಿ ಒಮ್ಮೆಲೇ ಬಂದು ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಇರುವುದಿಲ್ಲ. ಸಜ್ಜಾಗದ ಮೈ ಒಮ್ಮೆಲೇ ಚೀಲಕ್ಕೆ ಕೈ ಹಾಕಿದಾಗ ನಡು ಹಿಡಿಯುವುದು ಸಹಜವೇ. ಮೇಲಾಗಿ ದುಡಿಮೆ ಮೊದಲಿನಂತೆ ಉಳಿದಿಲ್ಲ. ರಂಟೆ ಹೊಡೆಯುವುದು ಟ್ರ್ಯಾಕ್ಟರು, ನೀರು ಎತ್ತುವುದು ಮೋಟರು, ಗೋವಿನಜೋಳ ಒಕ್ಕುವುದು ಯಂತ್ರ, ಹೊಲಕ್ಕೆ ಒಯ್ಯುವುದು ಬೈಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಬೇನೆಯವರು ಸುಮಾರು 10 ಕೋಟಿ. ಹಳ್ಳಿಗಳಲ್ಲಿ ಸಹ ಪ್ರಾಯದವರಲ್ಲಿ ನೂರಕ್ಕೆ 9ರ ಹತ್ತಿರ. ಅದು ಪೇಟೆಯವರ ಬೇನೆ ಎಂದು ಈಗ ಹೇಳಲಾಗದು.

ವಾರಕ್ಕೆ ಒಟ್ಟು 150 ನಿಮಿಷವಾದರೂ ಬೀಸುನಡಿಗೆಯಂಥ ಶ್ರಮ, ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಿಯುವ ವ್ಯಾಯಾಮ ಪ್ರಾಯದವರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡಿಗೆ ನಮಗೆ ಹೇಗೋ ಆಗುತ್ತದೆ. ಎರಡನೆಯದಕ್ಕೆ ನಮ್ಮ ಹಿರಿಯರು ಗರಡಿಮನೆ ಕಟ್ಟಿಟ್ಟರು. ತಗ್ಗು ಬಾಗಿಲು, ಒಳಗೆ ಹನುಮಪ್ಪ, ಎಣ್ಣೆ ಮಜ್ಜಿಗೆ ಅರಿಸಿನ ಕೂಡಿಸಿ ಹದಮಾಡಿದ ಕೆಂಪು ಮಟ್ಟಿ, ಮೂಲೆಯಲ್ಲಿ ಎತ್ತುವ ಗುಂಡುಕಲ್ಲು, ತಿರುಗಿಸುವ ಕಟ್ಟಿಗೆಯ ಗದೆ. ತಿಂಗಳಿಗೆ ರೊಕ್ಕ ಕಟ್ಟುವ ಪೇಟೆಯ ಜಿಮ್ಮಿನಲ್ಲಿ ಇರುವುದೂ ಇದೇ ಸಾಮು, ಕಬ್ಬಿಣದ್ದು ಅಷ್ಟೆ. ಗರಡಿ ಇಲ್ಲದ ಊರಲ್ಲಿ ಕಣದ ಜಾಗ ಸಾಕು.

ತೊಡಕು ಇರುವುದು ಹುರುಪಿನಲ್ಲಿ. ಜಾತ್ರೆಯ ಕುಸ್ತಿ ನೋಡಿಬಂದ ಹುಡುಗ ಮರುದಿನ ನಸುಕಿಗೆ ಗರಡಿಗೆ ಹೋಗಿ ನೂರು ಬಸ್ಕಿ ಹೊಡೆಯುತ್ತಾನೆ. ಮೂರನೆಯ ದಿನ ಜಗಲಿ ಇಳಿಯಲಾರ, ಚರಿಗೆ ಹಿಡಿದು ಕೂಡ್ರಲಾರ. ಒಂದು ವಾರ ಮನೆಯಲ್ಲಿ ನರಳಿ, ಗರಡಿ ತನ್ನಂಥವನಿಗೆ ಅಲ್ಲವೆಂದು ತೀರ್ಮಾನಿಸುತ್ತಾನೆ. ಆ ನೋವು ರೋಗವಲ್ಲ. ರೂಢಿಯಿಲ್ಲದ ಸ್ನಾಯುವಿಗೆ ಹೆಚ್ಚು ಕೆಲಸ ಬಿದ್ದಾಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ನೋವು ಎರಡನೆಯ, ಮೂರನೆಯ ದಿನಕ್ಕೆ ಏರಿ ತಾನಾಗಿ ಇಳಿಯುತ್ತದೆ. ಪೆಟ್ಟು ಮಾಯುವಾಗಲೇ ಸ್ನಾಯು ಬಲಿಯುವುದು. ಅಂದರೆ ಬಲ ಬರುವುದು ಸಾಮಿನ ಹೊತ್ತಿನಲ್ಲಿ ಅಲ್ಲ, ನಿದ್ದೆಯ ಹೊತ್ತಿನಲ್ಲಿ.

ಗೋವಿನಜೋಳಕ್ಕೆ ಯೂರಿಯಾ ಹಾಕುವುದನ್ನು ನೆನೆಯಿರಿ. ಬಿತ್ತುವಾಗಲೇ ಎಲ್ಲವನ್ನೂ ಸುರಿದರೆ ಎಳೆ ಬೇರು ಅದನ್ನು ಹೀರಲಾರದು. ಮಳೆ ಬಂದರೆ ಬಸಿದು ಹೋಗುತ್ತದೆ. ಆದುದರಿಂದ ಸ್ವಲ್ಪ ಬಿತ್ತುವಾಗ, ಉಳಿದುದನ್ನು ಬೆಳೆ ಬೆಳೆದಂತೆ ಮೇಲುಗೊಬ್ಬರವಾಗಿ ಕೊಡುತ್ತೇವೆ. ಹೊಸಬನ ಮೈಗೂ ಇದೇ ಲೆಕ್ಕ.

ಮೊದಲ ಎರಡು ವಾರ ವಾರಕ್ಕೆ ಮೂರೇ ದಿನ ಹೋಗಬೇಕು, ನಡುವೆ ಒಂದೊಂದು ದಿನ ಬಿಡುವು. ಐದು ನಿಮಿಷ ಬೀಸಾಗಿ ನಡೆದು ಮೈ ಬಿಸಿ ಮಾಡಿಕೊಂಡು ಹತ್ತು ಬಸ್ಕಿ, ಐದು ದಂಡ. ಉಸಿರು ತಿರುಗುವವರೆಗೆ ನಿಂತು ಮತ್ತೊಮ್ಮೆ. ಹೀಗೆ ಮೂರು ಸುತ್ತು. ಇಪ್ಪತ್ತು ನಿಮಿಷದ ಕೆಲಸ. ನೆಲದ ಮೇಲೆ ದಂಡ ಹೊಡೆಯಲು ಬಾರದವರು ಸೊಂಟದೆತ್ತರದ ಕಟ್ಟೆಗೆ ಕೈ ಊರಿ ಹೊಡೆಯಲಿ. ಮೊಳಕಾಲು ನೋಯುವವರು ಪೂರ್ತಿ ಕೂಡ್ರದೆ, ಜಗಲಿಯ ಅಂಚಿಗೆ ಕುಂಡೆ ತಾಗಿಸಿ ಏಳಲಿ. ನಾಚಿಕೆಪಡುವ ಕಾರಣವಿಲ್ಲ. ಮೂರನೆಯ ವಾರದಿಂದ ಪ್ರತಿ ವಾರ ಬಸ್ಕಿಗೆ ಎರಡು, ದಂಡಕ್ಕೆ ಒಂದು ಏರಿಸಬೇಕು. ಕೊನೆಯ ಎರಡು ಕಷ್ಟವಾಗಬೇಕು, ಆದರೆ ನಡು ಬಳುಕಬಾರದು. ಬಳುಕಿದರೆ ಎಣಿಕೆ ಅಲ್ಲಿಗೇ ನಿಲ್ಲಿಸಬೇಕು. ಎಷ್ಟಾಯಿತು ಎಂದು ಕೇಳುವವರು ಬಹಳ. ಹೇಗಾಯಿತು ಎಂದು ನೋಡುವವನು ವಸ್ತಾದನೊಬ್ಬನೇ.

ಭಾರ ಎತ್ತುವುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇದು ಗರಡಿಗಿಂತ ಹೊಲದಲ್ಲಿ ಹೆಚ್ಚು ಬೇಕು. ಯೂರಿಯಾ ಚೀಲ 2018ರಿಂದ 45 ಕಿಲೊ ಆಗಿದೆ, ಡಿಎಪಿ ಚೀಲ 50 ಕಿಲೊ. ನಮ್ಮಲ್ಲಿ ಬಹುಜನ ಕಾಲು ನೆಟ್ಟಗಿಟ್ಟು, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಚೀಲ ಎಳೆದೆತ್ತುತ್ತಾರೆ. ಆಗ ಇಡೀ ಭಾರ ನಡುವಿನ ಕೀಲುಗಳ ಮೇಲೆ ಬೀಳುತ್ತದೆ. ಚೀಲ ಮೈಯಿಂದ ದೂರವಾದಷ್ಟು ಅದು ಇನ್ನೂ ಹೆಚ್ಚುತ್ತದೆ. ಏತದ ಕಂಬ ಉದ್ದವಾದಂತೆ ತುದಿಯ ತೂಕ ಹೆಚ್ಚೆನಿಸುವ ರೀತಿ. ಸರಿಯಾದ ಬಗೆ ಹೀಗೆ: ಎರಡು ಪಾದದ ನಡುವೆ ಒಂದು ಮೊಳ ಅಂತರ ಬಿಟ್ಟು ಚೀಲಕ್ಕೆ ಹತ್ತಿ ನಿಲ್ಲಬೇಕು. ಟೊಂಕ ಹಿಂದಕ್ಕೆ ತಳ್ಳಿ, ಮೊಳಕಾಲು ಮಡಿಸಿ, ಎದೆ ಮುಂದಕ್ಕೆ ಇಟ್ಟು ಕೈ ಹಾಕಬೇಕು. ಹೊಟ್ಟೆ ಬಿಗಿಹಿಡಿದು ಕಾಲಿನ ಬಲದಿಂದ ಏಳಬೇಕು. ಎದ್ದ ಮೇಲೆ ಸೊಂಟ ತಿರುವಬಾರದು, ಪಾದವನ್ನೇ ತಿರುಗಿಸಬೇಕು. ಇದನ್ನು ಕಲಿಯಲು ಗೊಬ್ಬರದ ಖಾಲಿ ಚೀಲಕ್ಕೆ 10 ಕಿಲೊ ಉಸುಕು ತುಂಬಿ ಬಾಯಿ ಕಟ್ಟಿರಿ. ಒಂದು ಸುತ್ತಿಗೆ ಎಂಟು ಸಲ ಎತ್ತಿ ಇಳಿಸಿರಿ. ಎರಡು ವಾರಕ್ಕೊಮ್ಮೆ ಎರಡು ಕಿಲೊ ಉಸುಕು ಹೆಚ್ಚಿಸಿರಿ. ಗುಂಡುಕಲ್ಲಿಗೆ ಮೂರು ತಿಂಗಳು ಕೈ ಹಚ್ಚಬಾರದು. ಪೈಜು ಕಟ್ಟಿ ಕಲ್ಲೆತ್ತುವುದನ್ನು ಹೊಸಬರು ಪೂರ್ತಿ ಬಿಡತಕ್ಕದ್ದು.

ಊಟದ ವಿಷಯದಲ್ಲಿ ಹೊಸದೇನೂ ಬೇಡ. 60 ಕಿಲೊ ತೂಕದವನಿಗೆ ದಿನಕ್ಕೆ ಕಡಿಮೆಯೆಂದರೆ 50 ಗ್ರಾಂ ಸಸಾರಜನಕ ಬೇಕು, ಸಾಮು ಮಾಡುವವನಿಗೆ ಇನ್ನಷ್ಟು. ಒಂದು ಹಿಡಿ ಶೇಂಗಾ, ನೆನೆಸಿದ ಕಡಲೆ, ಮೊಳಕೆಯೊಡೆದ ಹೆಸರು, ಹಾಲು ಮಜ್ಜಿಗೆ, ತಿನ್ನುವವರಿಗೆ ತತ್ತಿ, ರೊಟ್ಟಿಯ ಜೊತೆಗೆ ಗಟ್ಟಿ ಬೇಳೆ, ಇಷ್ಟರಲ್ಲಿಯೇ ಅದು ಕೂಡಿಬರುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಂದು ತತ್ತಿಯಲ್ಲಿ 6 ಗ್ರಾಂ ಇರುತ್ತದೆ. ಶೇಂಗಾ ಬೆಳೆದು ಮಾರಿ, ಆ ರೊಕ್ಕದಲ್ಲಿ ಪೇಟೆಯಿಂದ ಡಬ್ಬಿಯ ಪುಡಿ ತರುವವರನ್ನು ಕಂಡರೆ ಏನು ಹೇಳಬೇಕು? ಪುಡಿಗಿಂತ ಕೆಟ್ಟದ್ದು ಬೇಗ ಮೈ ಉಬ್ಬಲೆಂದು ಚುಚ್ಚಿಸಿಕೊಳ್ಳುವ ಸೂಜಿ. ಅದು ಹೃದಯವನ್ನೂ ಯಕೃತ್ತನ್ನೂ ಕೆಡಿಸುತ್ತದೆ, ಗಂಡಸಿಗೆ ಸಂತಾನಶಕ್ತಿ ಕುಗ್ಗಿಸುತ್ತದೆ. ಮನೆಯ ಹಿರಿಯರು ಈ ಬಗ್ಗೆ ಹುಡುಗರನ್ನು ನೇರವಾಗಿ ಕೇಳಬೇಕು.

ಇನ್ನು ಹುರುಪು ಇಳಿಯದಂತೆ ನೋಡಿಕೊಳ್ಳುವ ಮಾತು. ಒಬ್ಬನೇ ಹೋಗುವವನು ಬಿಡುತ್ತಾನೆ, ಜೋಡಿ ಇದ್ದವನು ಉಳಿಯುತ್ತಾನೆ. ಓಣಿಯ ಒಬ್ಬ ಗೆಳೆಯನೊಡನೆ ಹೊತ್ತು ಗೊತ್ತುಮಾಡಿಕೊಳ್ಳಿರಿ. ಹಾಲು ಹಿಂಡಿ ಡೇರಿಗೆ ಹಾಕಿದ ಕೂಡಲೆ ಎಂದರೆ ಸಾಕು, ಗಡಿಯಾರ ಬೇಡ. ಗರಡಿಯ ಗೋಡೆಗೆ ಸುಣ್ಣದ ಕಡ್ಡಿಯಿಂದ ಹೋದ ದಿನಕ್ಕೊಂದು ಗೆರೆ ಎಳೆಯಿರಿ. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಸತತ ಎರಡು ಸರದಿ ತಪ್ಪಬಾರದು. ಕನ್ನಡಿ ನೋಡುತ್ತ ಕೂಡ್ರಬೇಡಿರಿ. ಮೈ ಕಾಣುವಂತೆ ಬದಲಾಗಲು ತಿಂಗಳುಗಳು ಬೇಕು. ಆದರೆ ಮೂರು ನಾಲ್ಕು ವಾರಕ್ಕೇ ಚೀಲ ಹಗುರೆನಿಸುತ್ತದೆ. ದೀಪಾವಳಿಯ ಹೋರಿ ಹಬ್ಬಕ್ಕೆ ನಮ್ಮವರು ಹೋರಿಯನ್ನು ತಿಂಗಳುಗಟ್ಟಲೆ ಮೇಯಿಸಿ, ಓಡಿಸಿ, ಈಸಿಸಿ ಸಜ್ಜುಮಾಡುತ್ತಾರೆ. ಅದರ ಹಿಂದೆ ಓಡುವ ತಮ್ಮ ಮೈಯನ್ನು ಒಂದು ದಿನವೂ ಸಜ್ಜುಮಾಡುವುದಿಲ್ಲ!

ಸಾತಾರಾ ಜಿಲ್ಲೆಯ ಗೋಳೇಶ್ವರವೆಂಬ ಹಳ್ಳಿಯ ಪೈಲವಾನ ಖಾಶಾಬಾ ಜಾಧವ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವನಾದ. ಮಣ್ಣಿನಲ್ಲಿ ಬೆಳೆದವನಿಗೆ ಅಲ್ಲಿಯ ಮ್ಯಾಟು ಹೊಸದು. ನಾಲ್ಕು ವರ್ಷ ಬಿಡದೆ ತಾಲೀಮು ಮಾಡಿ, ಊರಿನವರು ಕೂಡಿಸಿದ ವಂತಿಗೆಯ ನೆರವಿನಿಂದ 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕಂಚಿನ ಪದಕ ತಂದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗಳಿಸಿಕೊಟ್ಟ ಮೊದಲ ಒಲಿಂಪಿಕ್ ಪದಕ ಅದು.

ತಾಯಂದಿರು, ಅಕ್ಕತಂಗಿಯರು ಗರಡಿಗೆ ಬರಲು ಹಿಂಜರಿದರೆ ಬಸ್ಕಿ, ಕಟ್ಟೆಯ ದಂಡ, ಉಸುಕಿನ ಚೀಲ ಈ ಮೂರನ್ನು ಹಿತ್ತಲಲ್ಲಿಯೇ ಮಾಡಬಹುದು. ಕಳೆ ತೆಗೆದು ನಡು ನೋಯುವವರಿಗೆ ಇದು ಗಂಡಸರಿಗಿಂತ ಹೆಚ್ಚು ಅಗತ್ಯ. ಎದೆನೋವು, ರಕ್ತದೊತ್ತಡ, ಸಕ್ಕರೆ ಬೇನೆ, ಅಂಡವಾಯು ಇದ್ದವರು, ಬಾಣಂತಿಯರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರನ್ನು ಕೇಳತಕ್ಕದ್ದು. ಸಾಮಿನಲ್ಲಿ ಎದೆ ಹಿಡಿದಂತಾದರೆ, ಕಣ್ಣು ಕತ್ತಲೆಗಟ್ಟಿದರೆ, ಕಾಲಿಗೆ ಜೋಮು ಇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೃಗಶಿರ ಮಳೆ ಹಿಡಿದು ಬಿತ್ತಿಗೆ ಸುರುವಾದರೆ ಯಾರಿಗೂ ಗರಡಿಯ ನೆನಪಿರುವುದಿಲ್ಲ, ಸುಗ್ಗಿಯಲ್ಲಿಯೂ ಅಷ್ಟೆ. ಆಗ ಬಿಡಿರಿ, ತಪ್ಪಿಲ್ಲ. ಎರಡು ಮೂರು ವಾರ ಬಿಟ್ಟರೆ ಗಳಿಸಿದ ಬಲ ಬಹಳ ಕರಗುವುದಿಲ್ಲ. ತಿರುಗಿ ಹೋದ ಮೊದಲ ವಾರ, ಬಿಟ್ಟಾಗ ಇದ್ದ ಎಣಿಕೆಯ ಅರ್ಧ ಹೊಡೆಯಿರಿ. ಎರಡನೆಯ ವಾರ ಮುಕ್ಕಾಲು. ಮೂರನೆಯ ವಾರಕ್ಕೆ ಮೊದಲಿನ ಜಾಗಕ್ಕೆ ಬರುತ್ತೀರಿ.