ವಾಸ ಒಂದು ರಾಜ್ಯದಲ್ಲಿ, ಉದ್ಯೋಗ ಇನ್ನೊಂದು ರಾಜ್ಯದಲ್ಲಿ: ವೇತನದಾರರು ತಿಳಿದಿರಬೇಕಾದ ತೆರಿಗೆ ನಿಯಮಗಳು

ಕಾಸರಗೋಡಿನಿಂದ ಮಂಗಳೂರಿಗೆ, ಹೊಸೂರಿನಿಂದ ಬೆಂಗಳೂರಿಗೆ ಪ್ರತಿನಿತ್ಯ ಉದ್ಯೋಗಕ್ಕೆ ಬಂದು ಹೋಗುವವರು ಅನೇಕರಿದ್ದಾರೆ. ಎರಡೂ ರಾಜ್ಯಗಳಲ್ಲಿ ಪ್ರತ್ಯೇಕವಾಗಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕೇ ಎಂಬ ಸಂದೇಹ ಇಂಥವರಲ್ಲಿ ಸಹಜ. ಇದಕ್ಕೆ ಉತ್ತರ ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ.

1. ಆದಾಯ ತೆರಿಗೆ

ಕೃಷಿಯೇತರ ಆದಾಯದ ಮೇಲೆ ತೆರಿಗೆ ವಿಧಿಸುವ ವಿಷಯವು ಕೇಂದ್ರ ಪಟ್ಟಿಯ 82ನೆಯ ನಮೂದಿನಲ್ಲಿದೆ. ಆದ್ದರಿಂದ ವೇತನದ ಮೇಲಿನ ಆದಾಯ ತೆರಿಗೆ ಕೇಂದ್ರಕ್ಕೆ ಮಾತ್ರ ಸಲ್ಲುತ್ತದೆ. ದರವೂ ದೇಶದಾದ್ಯಂತ ಒಂದೇ. ಎಷ್ಟು ರಾಜ್ಯಗಳಲ್ಲಿ ದುಡಿದಿದ್ದರೂ ವರ್ಷಕ್ಕೆ ಒಂದೇ ಪ್ಯಾನ್ ಅಡಿಯಲ್ಲಿ ಒಂದೇ ರಿಟರ್ನ್ ಸಲ್ಲಿಸತಕ್ಕದ್ದು. ಅದರಲ್ಲಿ ಪ್ರಸ್ತುತ ವಾಸದ ವಿಳಾಸವನ್ನು ನಮೂದಿಸಬೇಕು.

2. ವೃತ್ತಿ ತೆರಿಗೆ

ಇದು ರಾಜ್ಯ ಪಟ್ಟಿಯ 60ನೆಯ ನಮೂದಿಗೆ ಸೇರಿದ್ದು, ಉದ್ಯೋಗ ನಡೆಯುವ ಸ್ಥಳವನ್ನು ಅವಲಂಬಿಸಿದೆ. ಸಂವಿಧಾನದ 276ನೆಯ ಅನುಚ್ಛೇದದಂತೆ ಒಬ್ಬ ವ್ಯಕ್ತಿಯಿಂದ ಒಂದು ರಾಜ್ಯದಲ್ಲಿ ವರ್ಷಕ್ಕೆ ರೂ. 2,500ಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಕರ್ನಾಟಕದಲ್ಲಿ ಮಾಸಿಕ ವೇತನ ರೂ. 25,000 ಹಾಗೂ ಅದಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ ರೂ. 200, ಫೆಬ್ರವರಿಯಲ್ಲಿ ರೂ. 300 ಕಡಿತವಾಗುತ್ತದೆ. ಕೇರಳ ಮತ್ತು ತಮಿಳುನಾಡುಗಳಲ್ಲಿ ಸ್ಥಳೀಯ ಸಂಸ್ಥೆಗಳು ಇದನ್ನು ಅರ್ಧವಾರ್ಷಿಕವಾಗಿ ಸಂಗ್ರಹಿಸುತ್ತವೆ. ಪಾವತಿಸಿದ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆಯುವ ಅವಕಾಶ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಂಟು.

3. ವರ್ಷದ ನಡುವೆ ಉದ್ಯೋಗ ಬದಲಾದಾಗ

ಹೆಚ್ಚಿನ ಎಚ್ಚರ ಅಗತ್ಯವಿರುವುದು ಇಲ್ಲಿ. ಉದಾಹರಣೆಗೆ, 2025-26ನೇ ಆರ್ಥಿಕ ವರ್ಷದಲ್ಲಿ ಒಬ್ಬರಿಗೆ ಹೊಸೂರಿನ ಕಾರ್ಖಾನೆಯಿಂದ ರೂ. 7,20,000, ನಂತರ ಬೆಂಗಳೂರಿನ ಸಂಸ್ಥೆಯಿಂದ ರೂ. 7,80,000 ವೇತನ ಬಂದಿದೆ ಎಂದು ಭಾವಿಸೋಣ. ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಮೊತ್ತವನ್ನೂ ಪ್ರತ್ಯೇಕವಾಗಿ ನೋಡಿದರೆ ತೆರಿಗೆ ಬಾರದು. ಆದರೆ ಒಟ್ಟು ರೂ. 15,00,000ದಲ್ಲಿ ಪ್ರಮಾಣಿತ ಕಡಿತ ರೂ. 75,000 ಒಮ್ಮೆ ಮಾತ್ರ ಕಳೆಯುತ್ತದೆ. ಉಳಿದ ರೂ. 14,25,000ಕ್ಕೆ ತೆರಿಗೆ ರೂ. 93,750, ಶೇ. 4ರ ಉಪಕರ ರೂ. 3,750, ಒಟ್ಟು ರೂ. 97,500. ಈಗಾಗಲೇ ಕಡಿತವಾದ ಮೊತ್ತವನ್ನು ಕಳೆದು ಉಳಿದುದನ್ನು ನೌಕರರೇ ಭರಿಸಬೇಕು. ತಡವಾದರೆ ಬಡ್ಡಿಯೂ ಸೇರುತ್ತದೆ. ಹೊಸ ಉದ್ಯೋಗಕ್ಕೆ ಸೇರಿದಾಗಲೇ ಹಿಂದಿನ ವೇತನದ ವಿವರವನ್ನು 12ಬಿ ನಮೂನೆಯಲ್ಲಿ ನೀಡಿದರೆ ಈ ಹೊರೆ ಒಮ್ಮೆಲೇ ಬೀಳುವುದಿಲ್ಲ.

4. ಸಲ್ಲಿಕೆಗೆ ಮುನ್ನ

ಅ) ಇಬ್ಬರು ಉದ್ಯೋಗದಾತರಿಂದಲೂ ನಮೂನೆ 16 ಪಡೆಯುವುದು.
ಆ) ಅದರ ಮೊತ್ತವನ್ನು 26ಎಎಸ್ ಹಾಗೂ ವಾರ್ಷಿಕ ಮಾಹಿತಿ ವಿವರಣೆಯೊಂದಿಗೆ ತಾಳೆ ನೋಡುವುದು.
ಇ) ವೇತನದಾರರ ಸಾಮಾನ್ಯ ಗಡುವಾದ ಜುಲೈ 31ರೊಳಗೆ ಸಲ್ಲಿಸುವುದು.
ಈ) ಸಲ್ಲಿಸಿದ 30 ದಿನಗಳೊಳಗೆ ರಿಟರ್ನ್ ದೃಢೀಕರಿಸುವುದು, ದೃಢೀಕರಿಸದ ರಿಟರ್ನ್ ಸಲ್ಲಿಕೆಯಾದಂತೆ ಪರಿಗಣಿತವಾಗುವುದಿಲ್ಲ.