ಫಂಡ್‌ಗಿಂತ ಮೊದಲು ಖಾತೆ: ಕೆನಡಾದಲ್ಲಿ ಮಕ್ಕಳಿರುವ ಮನೆಗಳಿಗೆ ಒಂದಿಷ್ಟು ಕಾನೂನು

ಸಿಂಹಧಾಮ ನೋಡಲು ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಹೋದವರಿಗೆಲ್ಲ ತ್ಯಾವರೆಕೊಪ್ಪ ಗೊತ್ತು. ಆ ಊರಿನಲ್ಲಾಗಲಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರ ಮನೆಗಳಲ್ಲಾಗಲಿ, ಎಂಜಿನಿಯರಿಂಗ್ ಮುಗಿಸಿ ಕೆನಡಾ ಸೇರಿದ ಮಗನೋ ಮಗಳೋ ಇರುವುದು ಈಗ ವಿಶೇಷವೇನಲ್ಲ. ಅಲ್ಲಿ ನಾಲ್ಕು ಕಾಸು ಉಳಿಯತೊಡಗಿದ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ, ಯಾವ ಇಂಡೆಕ್ಸ್ ಫಂಡ್ ತಗೊಳ್ಳಲಿ? ಇಲ್ಲಿ ಅಪ್ಪ ಕೇಳುವ ಪ್ರಶ್ನೆ, ಅವಳ ಹೆಸರಲ್ಲಿ ನಾನು ಕಟ್ಟುತ್ತಾ ಬಂದಿರುವ ಎಸ್‌ಐಪಿ ಏನು ಮಾಡಲಿ? ಎರಡಕ್ಕೂ ಉತ್ತರ ಷೇರುಪೇಟೆಗಿಂತ ಹೆಚ್ಚಾಗಿ ಕಾನೂನಿನಲ್ಲಿ ಸಿಗುತ್ತದೆ. ಅದೇ ಫಂಡ್ ಒಂದು ಖಾತೆಯಲ್ಲಿ ತೆರಿಗೆಯ ಗೊಡವೆಯಿಲ್ಲದೆ ಬೆಳೆಯುತ್ತದೆ, ಇನ್ನೊಂದರಲ್ಲಿ ವರ್ಷವರ್ಷವೂ ತೆರಿಗೆ ತರುತ್ತದೆ, ಲೆಕ್ಕ ತಪ್ಪಿದರೆ ದಂಡವನ್ನೂ ತರುತ್ತದೆ. ಹಾಗಾಗಿ ಮೊದಲು ಖಾತೆ, ಆಮೇಲೆ ಫಂಡ್.

ಎಲ್ಲಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದ್ದು ನಿವಾಸಿ ಯಾರು ಎಂಬುದು. ನಮ್ಮ ದೇಶದಲ್ಲೇ ಇದಕ್ಕೆ ಎರಡು ಅಳತೆಗಳಿವೆ. ಆದಾಯ ತೆರಿಗೆ ಕಾನೂನು ಮುಖ್ಯವಾಗಿ ದಿನಗಳನ್ನು ಎಣಿಸುತ್ತದೆ. 182 ದಿನಗಳ ಲೆಕ್ಕ ಹಲವರು ಕೇಳಿರುತ್ತೀರಿ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಉದ್ದೇಶವನ್ನು ನೋಡುತ್ತದೆ. ಉದ್ಯೋಗಕ್ಕೆಂದು ವಿಮಾನ ಹತ್ತಿದವರು ಫೆಮಾ ಪ್ರಕಾರ ಆಗಲೇ ಅನಿವಾಸಿ. ಓದಲು ಹೋದವರನ್ನೂ ಅನಿವಾಸಿಗಳೆಂದೇ ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರ ಡಿಸೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ.

ಇದರ ಪರಿಣಾಮ ನೇರವಾಗಿ ಮನೆಗೆ ತಟ್ಟುತ್ತದೆ. ಮಗಳ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಮ್ಯೂಚುವಲ್ ಫಂಡ್‌ನ ಕೆವೈಸಿಯಲ್ಲಿ ಅನಿವಾಸಿ ಎಂದು ತಿದ್ದಿಸಬೇಕು. ಎಸ್‌ಐಪಿ ಹಣ ಅಲ್ಲಿಂದ ಮುಂದೆ ಎನ್‌ಆರ್‌ಒ ಅಥವಾ ಎನ್‌ಆರ್‌ಇ ಖಾತೆಯಿಂದಲೇ ಹೋಗಬೇಕು. ಹಳೆಯ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯುವಂತಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ನಡೆಯುವುದೇ ಬೇರೆ. ಮಗಳ ಹಳೆಯ ಸಿಮ್ ಅಪ್ಪನ ಫೋನಿನಲ್ಲಿರುತ್ತದೆ, ಬರುವ ಒಟಿಪಿಯನ್ನು ಅಪ್ಪನೇ ಒತ್ತುತ್ತಾರೆ, ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿಯೇ ಉಳಿದಿರುತ್ತದೆ. ಯಾರಿಗೂ ಮೋಸ ಮಾಡುವ ಉದ್ದೇಶವಿರುವುದಿಲ್ಲ, ನಿಜ. ಆದರೂ ಅದು ಫೆಮಾ ಉಲ್ಲಂಘನೆಯೇ. ಕಾಯ್ದೆಯ 13ನೇ ಕಲಂ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶ ಕೊಡುತ್ತದೆ. ಅಪ್ಪನೇ ವ್ಯವಹಾರ ನೋಡಿಕೊಳ್ಳಬೇಕೆಂದಿದ್ದರೆ ಮಗಳಿಂದ ಮುಖ್ತಾರ್‌ನಾಮೆ ಬರೆಸಿಕೊಳ್ಳಿ, ಬ್ಯಾಂಕಿಗೂ ಫಂಡ್ ಕಂಪನಿಗೂ ಕೊಟ್ಟು ದಾಖಲು ಮಾಡಿಸಿ. ಕೆನಡಾ ಮತ್ತು ಅಮೆರಿಕದಲ್ಲಿರುವವರ ಹಣವನ್ನು ಕೆಲವು ಫಂಡ್ ಕಂಪನಿಗಳು ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಇಳಿದ ದಿನದ ಬೆಲೆ

ಬಹಳ ಜನ ಗಮನಿಸದ, ಆದರೆ ತುಂಬ ಉಪಕಾರಿಯಾದ ನಿಯಮ ಒಂದಿದೆ. ಕೆನಡಾದ ನಿವಾಸಿಯಾದ ದಿನ ನಿಮ್ಮ ಬಳಿಯಿದ್ದ ಆಸ್ತಿಯನ್ನೆಲ್ಲ ಅಂದಿನ ಮಾರುಕಟ್ಟೆ ಬೆಲೆಗೇ ಕೊಂಡಿರಿ ಎಂದು ಅಲ್ಲಿನ ತೆರಿಗೆ ಕಾನೂನು ಭಾವಿಸುತ್ತದೆ. 2023ರ ಆಗಸ್ಟ್‌ನಲ್ಲಿ ತ್ಯಾವರೆಕೊಪ್ಪದ ಹುಡುಗಿಯೊಬ್ಬಳು ಕಾಯಂ ವಾಸದ ಪತ್ರ ಪಡೆದು ಟೊರಾಂಟೊದಲ್ಲಿ ಇಳಿದಳು ಎಂದುಕೊಳ್ಳೋಣ. ಅವಳ ನಿಫ್ಟಿ ಇಂಡೆಕ್ಸ್ ಫಂಡ್ ಒಂದು ಲಕ್ಷಕ್ಕೆ ಕೊಂಡದ್ದು ಆ ಹೊತ್ತಿಗೆ ಮೂರು ಲಕ್ಷವಾಗಿದ್ದರೆ, ಕೆನಡಾದ ಲೆಕ್ಕಕ್ಕೆ ಅಸಲು ಮೂರು ಲಕ್ಷ. ಅಲ್ಲಿಯವರೆಗಿನ ಲಾಭವನ್ನು ಕೆನಡಾ ಕೇಳುವುದಿಲ್ಲ. ಆದರೆ ಅದಕ್ಕೆ ದಾಖಲೆ ಬೇಕು. ಆ ತಿಂಗಳ ಕ್ರೋಡೀಕೃತ ಖಾತಾ ವಿವರಣೆ, ಅಂದರೆ ಸಿಎಎಸ್ ಎಂಬ ಪಿಡಿಎಫ್, ಇಮೇಲ್‌ಗೆ ಸಾಮಾನ್ಯವಾಗಿ ಬಂದಿರುತ್ತದೆ. ಅದರಲ್ಲಿ ಪ್ರತಿ ಫೋಲಿಯೊದ ಯೂನಿಟ್ಟು, ಎನ್‌ಎವಿ, ಒಟ್ಟು ಮೌಲ್ಯ ಸಾಲಾಗಿ ಸಿಗುತ್ತವೆ. ಅದನ್ನು ಜೋಪಾನವಾಗಿಡಿ. ಅವಳ ಹೆಸರಿನಲ್ಲಿ ಸೈಟು ಇದ್ದರೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಒಂದನ್ನೇ ನೆಚ್ಚಬೇಡಿ. ಅದು ಸಾಮಾನ್ಯವಾಗಿ ನಿಜವಾದ ಬೆಲೆಗಿಂತ ಕಡಿಮೆ ಇರುತ್ತದೆ. ನೋಂದಾಯಿತ ಮೌಲ್ಯಮಾಪಕರಿಂದ ಪತ್ರ ಬರೆಸಿ.

ಈಗ ಅಲ್ಲಿನ ಖಾತೆಗಳು. ನೋಂದಾಯಿತ ಖಾತೆ ಎಂದರೆ ಸರ್ಕಾರದಲ್ಲಿ ನೋಂದಣಿಯಾದ, ತೆರಿಗೆ ರಿಯಾಯಿತಿ ಇರುವ ಖಾತೆ. 2009ರಲ್ಲಿ ಬಂದ ಟಿಎಫ್‌ಎಸ್‌ಎ ಎಲ್ಲರಿಗೂ ಮೊದಲು ಸಿಗುವಂಥದ್ದು. ಹಾಕುವಾಗ ತೆರಿಗೆ ವಿನಾಯಿತಿ ಇಲ್ಲ, ಬೆಳೆದದ್ದಕ್ಕೂ ತೆಗೆದದ್ದಕ್ಕೂ ಕೆನಡಾದಲ್ಲಿ ತೆರಿಗೆಯೂ ಇಲ್ಲ. ಹೊಸಬರು ಎಡವುವುದು ಇಲ್ಲಿನ ಮಿತಿಯ ವಿಷಯದಲ್ಲಿ. 2009ರಿಂದ 2025ರವರೆಗಿನ ಒಟ್ಟು ಮಿತಿ 1,02,000 ಡಾಲರ್ ಎಂದು ಎಲ್ಲೋ ಓದಿ ಅಷ್ಟೂ ತನಗೆ ಸಲ್ಲುತ್ತದೆ ಎಂದುಕೊಳ್ಳುತ್ತಾರೆ. ಮಿತಿ ಶುರುವಾಗುವುದು ನಿವಾಸಿಯಾದ ವರ್ಷದಿಂದ, ಅದೂ 18 ತುಂಬಿದ್ದರೆ ಮಾತ್ರ. ನಮ್ಮ ಹುಡುಗಿಗೆ 2023ರ 6,500, 2024ರ 7,000, 2025ರ 7,000 ಸೇರಿ ಆ ವರ್ಷದವರೆಗೆ 20,500 ಡಾಲರ್. ಆಗಸ್ಟ್‌ನಲ್ಲಿ ಇಳಿದರೂ ಆ ವರ್ಷದ ಮಿತಿ ಪೂರ್ತಿ ಸಿಗುತ್ತದೆ. ಹೆಚ್ಚಾಗಿ ಹಾಕಿದರೆ ಆ ಹೆಚ್ಚುವರಿಗೆ ತಿಂಗಳಿಗೆ ಶೇ 1 ತೆರಿಗೆ, ತೆಗೆಯುವವರೆಗೂ.

ಆರ್‌ಆರ್‌ಎಸ್‌ಪಿ ನಿವೃತ್ತಿಗೆ ಮೀಸಲು, 1957ರಿಂದ ಇದೆ. ಹಾಕಿದ ಹಣ ಆ ವರ್ಷದ ಆದಾಯದಿಂದ ಕಳೆಯುತ್ತದೆ, ತೆಗೆಯುವಾಗ ಆದಾಯವೆಂದು ತೆರಿಗೆ ಬೀಳುತ್ತದೆ. ಮಿತಿ ಹಿಂದಿನ ವರ್ಷದ ದುಡಿಮೆಯ ಶೇ 18, ಅದಕ್ಕೊಂದು ಗರಿಷ್ಠ; 2025ಕ್ಕೆ ಆ ಗರಿಷ್ಠ 32,490 ಡಾಲರ್. ಅಂದರೆ ಬಂದ ಮೊದಲ ವರ್ಷ ಹಾಕಲು ಅವಕಾಶವೇ ಇರುವುದಿಲ್ಲ. 2024ರಲ್ಲಿ 60,000 ದುಡಿದಿದ್ದರೆ 2025ಕ್ಕೆ 10,800. ತಲೆಕೆಡಿಸಿಕೊಂಡು ಲೆಕ್ಕ ಹಾಕಬೇಕಿಲ್ಲ, ರಿಟರ್ನ್ ಸಲ್ಲಿಸಿದ ಮೇಲೆ ಕೆನಡಾ ಕಂದಾಯ ಸಂಸ್ಥೆ ಕಳುಹಿಸುವ ನಿರ್ಧರಣಾ ನೋಟಿಸಿನಲ್ಲೇ ಆ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲ ಮನೆ ಕೊಳ್ಳುವವರಿಗೆ 2023ರ ಏಪ್ರಿಲ್‌ನಿಂದ ಎಫ್‌ಎಚ್‌ಎಸ್‌ಎ ಇದೆ, ವರ್ಷಕ್ಕೆ 8,000, ಜೀವಮಾನಕ್ಕೆ 40,000. ಹಾಕುವಾಗಲೂ ವಿನಾಯಿತಿ, ಮನೆಗೆಂದು ತೆಗೆಯುವಾಗಲೂ ವಿನಾಯಿತಿ. ಮನೆ ಕೊಳ್ಳುವ ಯೋಚನೆ ನಿಜಕ್ಕೂ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಖಾತೆ ಅಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಓದಿಗೆ ಆರ್‌ಇಎಸ್‌ಪಿ: ವರ್ಷಕ್ಕೆ 2,500 ಡಾಲರ್ ಹಾಕಿದರೆ ಸರ್ಕಾರ 500 ಸೇರಿಸುತ್ತದೆ, ಒಂದು ಮಗುವಿಗೆ ಒಟ್ಟು 7,200ರವರೆಗೆ.

ಯಾವ ಖಾತೆಗೆ ಯಾವ ಫಂಡ್

ಇಂಡೆಕ್ಸ್ ಫಂಡ್ ಮ್ಯಾನೇಜರನ ಜಾಣ್ಮೆಯನ್ನು ನಂಬುವುದಿಲ್ಲ. ಸೂಚ್ಯಂಕದಲ್ಲಿರುವ ಕಂಪನಿಗಳನ್ನು ಅದೇ ಪ್ರಮಾಣದಲ್ಲಿ ಕೊಂಡಿಡುತ್ತದೆ. 1976ರಲ್ಲಿ ಅಮೆರಿಕದ ವ್ಯಾನ್‌ಗಾರ್ಡ್ ಸಂಸ್ಥೆಯ ಜಾನ್ ಬೋಗಲ್ ಇದನ್ನು ಜನಸಾಮಾನ್ಯರಿಗೆ ತಂದರು. ಷೇರಿನಂತೆ ವಿನಿಮಯ ಕೇಂದ್ರದಲ್ಲಿ ಕೊಳ್ಳಬಹುದಾದ ಇಟಿಎಫ್ ರೂಪ ಮೊದಲು ಕಂಡದ್ದು ಟೊರಾಂಟೊದಲ್ಲೇ, 1990ರಲ್ಲಿ. ಆರಿಸುವಾಗ ಮೊದಲು ನೋಡಬೇಕಾದ್ದು ವೆಚ್ಚ. ಕೆನಡಾದಲ್ಲಿ ಬ್ಯಾಂಕಿನ ಸಲಹೆಗಾರರು ಮಾರುವ ಸಾಮಾನ್ಯ ಷೇರು ಫಂಡಿಗೆ ವರ್ಷಕ್ಕೆ ಶೇ 2ರ ಆಸುಪಾಸು ವೆಚ್ಚ ಇರುವುದುಂಟು. ಇಡೀ ಜಗತ್ತಿನ ಷೇರುಗಳನ್ನು ಒಟ್ಟುಗೂಡಿಸಿದ ಒಂದು ಇಂಡೆಕ್ಸ್ ಇಟಿಎಫ್ ಶೇ 0.2ರ ಹತ್ತಿರ ಸಿಗುತ್ತದೆ. 10,000 ಡಾಲರ್ 25 ವರ್ಷ ಶೇ 6ರಂತೆ ಬೆಳೆದರೆ, ಶೇ 2 ವೆಚ್ಚದಲ್ಲಿ ಕೈಗೆ ಸುಮಾರು 26,700, ಶೇ 0.2ರಲ್ಲಿ ಸುಮಾರು 40,900. ಪೇಟೆ ಒಂದೇ, ಅಂತರ ಪೂರ್ತಿ ವೆಚ್ಚದ್ದು.

ಈ ವೆಚ್ಚವನ್ನು ಕೊಳ್ಳುವ ಮುನ್ನ ತಿಳಿಯುವುದು ನಿಮ್ಮ ಹಕ್ಕು. ಕೆನಡಾದಲ್ಲಿ ಮ್ಯೂಚುವಲ್ ಫಂಡ್ ಮಾರುವವರು ಫಂಡ್ ಫ್ಯಾಕ್ಟ್ಸ್ ಎಂಬ ಪುಟ್ಟ ದಾಖಲೆಯನ್ನು ಮೊದಲೇ ಕೊಡಬೇಕು. ಅದರಲ್ಲಿ ಅತಿ ಹೆಚ್ಚು ಹಣ ಹೂಡಿರುವ ಹತ್ತು ಕಂಪನಿಗಳು, ಅಪಾಯದ ಮಟ್ಟ, ಎಂಇಆರ್ ಎಂಬ ವಾರ್ಷಿಕ ವೆಚ್ಚ, ಮಾರಿದವರಿಗೆ ವರ್ಷವರ್ಷ ಸಂದಾಯವಾಗುವ ಕಮಿಷನ್ ಎಲ್ಲ ಇರುತ್ತವೆ. ಮನಸ್ಸು ಬದಲಾದರೆ ಏನು ಮಾಡಬಹುದೆಂಬ ಭಾಗವೂ ಕೊನೆಯಲ್ಲಿದೆ. ಹಲವು ಪ್ರಾಂತ್ಯಗಳಲ್ಲಿ ಆ ದಾಖಲೆ ಕೈಸೇರಿದ ಎರಡು ಕೆಲಸದ ದಿನಗಳೊಳಗೆ ಹಿಂದೆ ಸರಿಯಬಹುದು, ಖರೀದಿ ದೃಢಪಟ್ಟ 48 ಗಂಟೆಯೊಳಗೆ ರದ್ದು ಮಾಡಬಹುದು. ನಮ್ಮಲ್ಲಿ 2013ರ ಜನವರಿ 1ರಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲಾನ್ ಇರಲೇಬೇಕೆಂದು ಸೆಬಿ ಕಡ್ಡಾಯ ಮಾಡಿತು. ಏಜೆಂಟರ ಸಹಾಯ ಬೇಡವಾದವರು ಅದನ್ನೇ ಕೇಳಿ ಪಡೆಯಬಹುದು.

ಯಾವುದು ಎಲ್ಲಿ ಎಂಬ ಪ್ರಶ್ನೆಗೆ ಹೆಚ್ಚಾಗಿ ಉತ್ತರ ಕೊಡುವುದು ತೆರಿಗೆ. ಅಮೆರಿಕದ ಕಂಪನಿಗಳ ಡಿವಿಡೆಂಡಿನಲ್ಲಿ ಶೇ 15 ಅಲ್ಲೇ ಕಡಿತವಾಗುತ್ತದೆ. ಟಿಎಫ್‌ಎಸ್‌ಎಯಲ್ಲಿ ಅದು ಹೋದದ್ದು ಹೋದದ್ದೇ. ಆರ್‌ಆರ್‌ಎಸ್‌ಪಿಯಲ್ಲಿ ಅಮೆರಿಕದ ವಿನಿಮಯ ಕೇಂದ್ರದ ಇಟಿಎಫನ್ನೇ ನೇರವಾಗಿ ಇಟ್ಟರೆ ಎರಡೂ ದೇಶಗಳ ಒಪ್ಪಂದದಂತೆ ಆ ಕಡಿತವಿಲ್ಲ. ಸಾಮಾನ್ಯ ಖಾತೆಯಲ್ಲಾದರೆ ಕಡಿತವಾದದ್ದನ್ನು ಕೆನಡಾದ ತೆರಿಗೆಯಲ್ಲಿ ವಜಾ ಕೇಳಬಹುದು. ಡಿವಿಡೆಂಡೇ ಶೇ ಒಂದೂವರೆಯಷ್ಟಿದ್ದರೆ ಈ ನಷ್ಟ ಶೇ 0.2ರ ಸುತ್ತಮುತ್ತ. ಸಣ್ಣ ಮೊತ್ತದವರು ಇದಕ್ಕಾಗಿ ಡಾಲರ್ ಬದಲಾಯಿಸುವ ಶುಲ್ಕ ತೆತ್ತು ಒದ್ದಾಡುವುದು ಬೇಡ. ಬಡ್ಡಿಗೆ ಪೂರ್ತಿ ತೆರಿಗೆ ಬೀಳುವುದರಿಂದ ಬಾಂಡ್ ಫಂಡುಗಳು ನೋಂದಾಯಿತ ಖಾತೆಯಲ್ಲಿರಲಿ. ಕೆನಡಾದ ಕಂಪನಿಗಳ ಡಿವಿಡೆಂಡಿಗೆ ವಿಶೇಷ ವಜಾ ಇರುವುದರಿಂದ ಆ ಸೂಚ್ಯಂಕದ ಫಂಡ್ ಸಾಮಾನ್ಯ ಖಾತೆಗೆ ಹೊಂದುತ್ತದೆ. ನೋಂದಾಯಿತ ಖಾತೆಗಳ ಮಿತಿ ಇನ್ನೂ ಖಾಲಿಯಿರುವಾಗ ಸಾಮಾನ್ಯ ಖಾತೆಗೆ ಹೋಗುವ ಅಗತ್ಯ ಬಹುಪಾಲು ಸಂಬಳದಾರರಿಗಿಲ್ಲ.

ಹೋಗಲೇಬೇಕಾದರೆ ಲೆಕ್ಕ ಇಡಿ. ಮಾರಿ ಬಂದ ಲಾಭದಲ್ಲಿ ಅರ್ಧವಷ್ಟೇ ಆದಾಯಕ್ಕೆ ಸೇರುತ್ತದೆ. ಒಂದೇ ಫಂಡನ್ನು ಹಲವು ಬಾರಿ ಕೊಂಡಿದ್ದರೆ ಅಸಲು ಸರಾಸರಿಯಲ್ಲಿ ಲೆಕ್ಕವಾಗುತ್ತದೆ; ಮೊದಲು ಕೊಂಡದ್ದು ಮೊದಲು ಮಾರಿದಂತೆ ಎಂಬ ನಮ್ಮಲ್ಲಿನ ರೂಢಿ ಅಲ್ಲಿಲ್ಲ. ಫಂಡ್ ಕೈಗೆ ಹಣ ಕೊಡದೆ ಮರುಹೂಡಿಕೆ ಮಾಡಿದ ಲಾಭಕ್ಕೂ ಆ ವರ್ಷವೇ ತೆರಿಗೆ ಇದೆ, ಆದರೆ ಅದನ್ನು ಅಸಲಿಗೆ ಸೇರಿಸಿಕೊಳ್ಳಬೇಕು. ಸೇರಿಸಲು ಮರೆತರೆ ಮಾರುವಾಗ ಅದೇ ಲಾಭಕ್ಕೆ ಮತ್ತೊಮ್ಮೆ ತೆರಿಗೆ ಕಟ್ಟುತ್ತೀರಿ. ನಷ್ಟಕ್ಕೆ ಮಾರಿ, ಮಾರುವ ಮುಂಚಿನ ಅಥವಾ ಆಮೇಲಿನ 30 ದಿನಗಳಲ್ಲಿ ನೀವೋ ನಿಮ್ಮ ಸಂಗಾತಿಯೋ ಅದೇ ಫಂಡ್ ಕೊಂಡು ಇಟ್ಟುಕೊಂಡರೆ ಆ ನಷ್ಟವನ್ನು ಆಗ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಊರಿನ ಆಸ್ತಿ, ಊರಿಗೆ ವಾಪಸು

ಕೆನಡಾದ ನಿವಾಸಿಯ ಹೊರದೇಶದ ಆಸ್ತಿಯ ಒಟ್ಟು ಅಸಲು ಒಂದು ಲಕ್ಷ ಕೆನಡಾ ಡಾಲರ್ ದಾಟಿದರೆ ಟಿ-1135 ಎಂಬ ನಮೂನೆ ಸಲ್ಲಿಸಬೇಕು. ಊರಿನ ಮ್ಯೂಚುವಲ್ ಫಂಡ್, ಠೇವಣಿ, ಬಾಡಿಗೆಗೆ ಕೊಟ್ಟ ಮನೆ, ಹೂಡಿಕೆಗೆಂದು ಇಟ್ಟ ಸೈಟು ಎಲ್ಲವೂ ಇದರೊಳಗೆ ಬರುತ್ತವೆ. ಸ್ವಂತ ಬಳಕೆಯ ಮನೆ ಬರುವುದಿಲ್ಲ. ವಲಸೆ ಬಂದ ಮೊದಲ ವರ್ಷಕ್ಕೆ ವಿನಾಯಿತಿ ಇದೆ. ತಡವಾದರೆ ದಿನಕ್ಕೆ 25 ಡಾಲರ್, ಗರಿಷ್ಠ 2,500. ಇದು ಮಾಹಿತಿಯ ನಮೂನೆ ಮಾತ್ರ, ತೆರಿಗೆಯಲ್ಲ. ಹೆದರಿ ಆಸ್ತಿಯನ್ನು ಅಣ್ಣನ ಹೆಸರಿಗೆ ಮಾಡಿಸುವ ಅವಸರ ಬೇಡ. ಇಲ್ಲಿನ ಫಂಡ್ ಮಾರಿದಾಗ ಅನಿವಾಸಿಗೆ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ: ಷೇರು ಫಂಡಿನಲ್ಲಿ ವರ್ಷ ಮೀರಿ ಇಟ್ಟಿದ್ದರೆ ಲಾಭಕ್ಕೆ ಶೇ 12.5, ಒಳಗಾದರೆ ಶೇ 20. ಆ ಪ್ರಮಾಣಪತ್ರ ತೆಗೆದಿಟ್ಟುಕೊಂಡರೆ 1996ರ ಭಾರತ–ಕೆನಡಾ ತೆರಿಗೆ ಒಪ್ಪಂದದಂತೆ ಅಲ್ಲಿ ವಜಾ ಕೇಳಬಹುದು.

ವಾಪಸು ಬರುವವರ ಕಥೆ ಇದಕ್ಕಿಂತ ಸೂಕ್ಷ್ಮ. ಟಿಎಫ್‌ಎಸ್‌ಎಯ ತೆರಿಗೆರಹಿತ ಸ್ಥಾನವನ್ನು ಭಾರತ ಒಪ್ಪುವುದಿಲ್ಲ. ಬಹುಕಾಲ ಹೊರಗಿದ್ದು ಬಂದವರಿಗೆ ಮೊದಲ ಒಂದೆರಡು ವರ್ಷ ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಎಂಬ ಸ್ಥಾನ ಸಿಗುತ್ತದೆ, ಆಗ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆಯಿಲ್ಲ. ಟಿಎಫ್‌ಎಸ್‌ಎ ಖಾಲಿ ಮಾಡುವುದಾದರೆ ಆ ಅವಧಿಯೊಳಗೇ ಮಾಡಿ. ಆರ್‌ಆರ್‌ಎಸ್‌ಪಿಗೆ ಮಾತ್ರ ನಮ್ಮ ಕಾನೂನು ಕರುಣೆ ತೋರಿದೆ. 1961ರ ಆದಾಯ ತೆರಿಗೆ ಕಾಯ್ದೆಗೆ 2021ರಲ್ಲಿ ಸೇರಿದ 89ಎ ಕಲಂ, ಕೆನಡಾ, ಅಮೆರಿಕ, ಬ್ರಿಟನ್ನಿನ ನಿವೃತ್ತಿ ಖಾತೆಗಳ ಬೆಳವಣಿಗೆಗೆ ವರ್ಷವರ್ಷ ತೆರಿಗೆ ಹಾಕದೆ ತೆಗೆಯುವಾಗ ಮಾತ್ರ ಹಾಕುವ ಆಯ್ಕೆ ಕೊಟ್ಟಿತು. ಅದಕ್ಕೆ ನಮೂನೆ 10-ಇಇ ಸಕಾಲದಲ್ಲಿ ಸಲ್ಲಿಸಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ಆಡಿಟರ್ ಬಳಿ ಹೊಸದನ್ನು ಕೇಳಿಕೊಳ್ಳಿ. ಪೂರ್ಣ ನಿವಾಸಿಯಾದ ಮೇಲೆ ಈ ಎಲ್ಲ ಖಾತೆಗಳನ್ನೂ ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು. ಮರೆಮಾಚಿದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ದೂರು ಕೊಡುವ ದಾರಿಗಳೂ ಎರಡು ಕಡೆ ಇವೆ. ಇಲ್ಲಿ ಫಂಡ್ ಮಾರಿದ ಹಣ ಮೂರು ಕೆಲಸದ ದಿನಗಳಲ್ಲಿ ಬರದಿದ್ದರೆ ವರ್ಷಕ್ಕೆ ಶೇ 15ರ ಬಡ್ಡಿ ಕೇಳಬಹುದು. ಮೊದಲು ಕಂಪನಿಗೆ ಬರೆಯಿರಿ, ಆಮೇಲೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಿ. 21 ದಿನಗಳಲ್ಲಿ ಉತ್ತರ ಬರಬೇಕು. ಸೆಬಿಯ ಉಚಿತ ಸಹಾಯವಾಣಿ 1800 266 7575. ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಅಮ್ಮನ ಹೆಸರಿನ ಫೋಲಿಯೊ ತೊಡಕಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕೆನಡಾದಲ್ಲಿ ಹೂಡಿಕೆ ಸಂಸ್ಥೆಗೆ ಕೊಟ್ಟ ದೂರಿಗೆ 90 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ 180 ದಿನಗಳೊಳಗೆ, ಓಬಿಎಸ್‌ಐ ಎಂಬ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅವರು 3,50,000 ಡಾಲರ್‌ವರೆಗೆ ಪರಿಹಾರಕ್ಕೆ ಶಿಫಾರಸು ಮಾಡಬಲ್ಲರು, ದೂರುದಾರರಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ.